ಪೌಂಡು ಕೈಕೊಟ್ಟಾಗ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಸೀಟಿಗಾಗಿ ಅಂಗರಚನಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಟೀಸ್ ಎಂಬ ನರ್ಸಿಂಗ್ ಪ್ರವೇಶ ಪರೀಕ್ಷೆ ಎಲ್ಲವನ್ನೂ ಹೇಗೋ ದಾಟಿದೆ. ಮುಗ್ಗರಿಸಿದ್ದು ಔಷಧದ ಪ್ರಮಾಣ ಲೆಕ್ಕ ಹಾಕುವ ಪರೀಕ್ಷೆಯಲ್ಲಿ. ಜೀವಮಾನವೆಲ್ಲ ಕಿಲೋದಲ್ಲೇ ತೂಗಿದವಳಿಗೆ ಇಲ್ಲಿ ರೋಗಿಯ ತೂಕ ಪೌಂಡಿನಲ್ಲಿ! 66 ಪೌಂಡಿನ ಮಗುವಿಗೆ ಕಿಲೋಗೆ 10 ಮಿಲಿಗ್ರಾಂ ಎಂದಿದ್ದರೆ ನಾನು 660 ಎಂದು ಬರೆದಿದ್ದೆ. ಸರಿ ಉತ್ತರ 300. ನೆನೆದರೆ ಈಗಲೂ ಬೆವರುತ್ತೇನೆ.

ಅಂದಿನಿಂದ ಬರಿಯ ಅಂಕಿ ಬರೆಯುವುದನ್ನೇ ಬಿಟ್ಟೆ. ಪ್ರತಿ ಅಂಕಿಯ ಪಕ್ಕ ಅದು ಪೌಂಡೋ ಕಿಲೋನೋ ಮಿಲಿಗ್ರಾಮೋ ಎಂದೂ ಬರೆದು, ಭಿನ್ನರಾಶಿಯ ಮೇಲೂ ಕೆಳಗೂ ಒಂದೇ ಅಳತೆ ಬಂದರೆ ಎರಡನ್ನೂ ಹೊಡೆದುಹಾಕುತ್ತಾ ಹೋದೆ. ಕಿಲೋಗೆ ಸುಮಾರು 2.2 ಪೌಂಡು, ಹಾಗಾಗಿ 66 ಪೌಂಡನ್ನು 2.2ರಿಂದ ಭಾಗಿಸಿದರೆ 30 ಕಿಲೋ; ಅದನ್ನು ಕಿಲೋಗೆ 10 ಮಿಲಿಗ್ರಾಂನಿಂದ ಗುಣಿಸಿದರೆ 300 ಮಿಲಿಗ್ರಾಂ. ಕೊನೆಗೆ ಮಿಲಿಗ್ರಾಂ ಒಂದೇ ಉಳಿಯಬೇಕು. ಪೌಂಡು ಉಳಿದರೆ ಲೆಕ್ಕ ತಪ್ಪಿದೆ. 5.0 ಎಂದೂ ಬರೆಯಬಾರದು: ಚುಕ್ಕೆ ಮಾಸಿದರೆ ಐದು ಐವತ್ತಾಗುತ್ತದೆ. ಎರಡನೇ ಸಲ ಒಂದೂ ತಪ್ಪಲಿಲ್ಲ.