ಸಂಸ್ಥೆಯ ಮೇಲೆ ಟೀಕೆ ಬಂದಾಗ ಸಿಬ್ಬಂದಿಯನ್ನು ನೋಡಿಕೊಳ್ಳುವುದು ಹೇಗೆ

ಸ್ವಯಂಸೇವಾ ಸಂಸ್ಥೆಯೊಂದರ ಬಗ್ಗೆ ಪತ್ರಿಕೆಯಲ್ಲೋ ಟಿವಿಯಲ್ಲೋ ಟೀಕೆ ಬಂದ ದಿನ ಟ್ರಸ್ಟಿಗಳಿಗೆ ಮೊದಲು ನೆನಪಾಗುವವರು ದಾನಿಗಳು, ಆಮೇಲೆ ವಕೀಲರು. ಸಿಬ್ಬಂದಿಯ ನೆನಪು ಬರುವುದು ಬಹಳ ತಡವಾಗಿ. ಆದರೆ ಮರುದಿನ ಬೆಳಿಗ್ಗೆ ಜನರ ಪ್ರಶ್ನೆಗೆ ಮುಖ ಕೊಡಬೇಕಾದವರು ಸ್ವಸಹಾಯ ಸಂಘದ ಸಭೆಗೆ ಹೋಗುವ ಕ್ಷೇತ್ರ ಕಾರ್ಯಕರ್ತೆ, ಕಚೇರಿಯಲ್ಲಿ ಫೋನ್ ಎತ್ತುವ ಸಹಾಯಕ ಮತ್ತು ಸಂಸ್ಥೆಯ ಹೆಸರು ಬರೆದ ಜೀಪನ್ನು ಊರೂರಿಗೆ ಓಡಿಸುವ ಚಾಲಕ. ಬೇರೆಡೆ ಹೆಚ್ಚು ಸಂಬಳ ಸಿಗಬಹುದಾಗಿದ್ದರೂ ಕೆಲಸದ ಮೇಲಿನ ನಂಬಿಕೆಯಿಂದ ಇಲ್ಲಿ ಉಳಿದವರು ಇವರಲ್ಲಿ ಅನೇಕರಿರುತ್ತಾರೆ. ಆದ್ದರಿಂದ ಟೀಕೆ ಅವರಿಗೆ ತಮ್ಮ ಬದುಕಿನ ಆಯ್ಕೆಯನ್ನೇ ಪ್ರಶ್ನಿಸಿದಂತೆ ಕೇಳಿಸುತ್ತದೆ.

ಇದಕ್ಕೆ ಬ್ರಿಟನ್ನಿನ ಆಕ್ಸ್‌ಫಾಮ್ ಸಂಸ್ಥೆಯ ಪ್ರಕರಣ ಸ್ಪಷ್ಟ ಉದಾಹರಣೆ. 2010ರ ಭೂಕಂಪದ ನಂತರ ಹೈಟಿಯಲ್ಲಿ ಪರಿಹಾರ ಕಾರ್ಯಕ್ಕೆ ಹೋಗಿದ್ದ ಅದರ ಕೆಲವು ಅಧಿಕಾರಿಗಳ ಲೈಂಗಿಕ ದುರ್ನಡತೆಯನ್ನೂ, 2011ರಲ್ಲಿ ಆಂತರಿಕ ವಿಚಾರಣೆ ನಡೆದರೂ ಅದರ ವಿವರಗಳು ಪೂರ್ಣವಾಗಿ ಹೊರಬಾರದೆ ಹೋದುದನ್ನೂ 'ದಿ ಟೈಮ್ಸ್' ಪತ್ರಿಕೆ 2018ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಹತ್ತು ದಿನಗಳೊಳಗೆ ಸುಮಾರು 7,000 ಮಂದಿ ತಮ್ಮ ನಿಯಮಿತ ದೇಣಿಗೆ ನಿಲ್ಲಿಸಿದರೆಂದು ಮುಖ್ಯಸ್ಥ ಮಾರ್ಕ್ ಗೋಲ್ಡ್ರಿಂಗ್ ಸಂಸದೀಯ ಸಮಿತಿಯ ಮುಂದೆ ಹೇಳಿದರು. ಅದೇ ವರ್ಷ ಸಂಸ್ಥೆಯು ವೆಚ್ಚದಲ್ಲಿ ಕೋಟ್ಯಂತರ ಪೌಂಡ್ ಕಡಿತ ಮಾಡಬೇಕಾಯಿತು. ತಪ್ಪು ಮಾಡಿದವರು ಕೆಲವರು, ತಪ್ಪನ್ನು ಸರಿಯಾಗಿ ನಿಭಾಯಿಸದವರು ಇನ್ನು ಕೆಲವರು. ಅದರ ಭಾರ ಹೊತ್ತವರಲ್ಲಿ ಹೈಟಿಯನ್ನು ಕಂಡೇ ಇರದ ನೌಕರರೂ ಸ್ವಯಂಸೇವಕರೂ ಇದ್ದರು.

ನಿಮ್ಮ ಸಂಸ್ಥೆಗೆ ಇಂಥ ಸಂದರ್ಭ ಬಂದರೆ ಮೊದಲ ಕೆಲಸ ಸಿಬ್ಬಂದಿಗೆ ನೀವೇ ತಿಳಿಸುವುದು. ವರದಿಗಾರರು ಪ್ರತಿಕ್ರಿಯೆ ಕೇಳಿ ಕರೆ ಮಾಡಿದಾಗಲೇ ಸುದ್ದಿ ಬರಲಿದೆಯೆಂದು ನಿಮಗೆ ಗೊತ್ತಾಗಿರುತ್ತದೆ. ಆ ಕೆಲವು ಗಂಟೆಗಳನ್ನು ಹೇಳಿಕೆ ತಿದ್ದುವುದರಲ್ಲೇ ಕಳೆಯಬಾರದು. ನಮ್ಮಲ್ಲಿ ಆಡಳಿತ ಮಂಡಳಿಯ ಪತ್ರ ಇಂಗ್ಲಿಷಿನಲ್ಲಿ ಇಮೇಲ್ ಮೂಲಕ ಹೋಗುತ್ತದೆ. ತಾಲ್ಲೂಕಿನ ಕಾರ್ಯಕರ್ತರಿಗೆ ವಿಷಯ ತಲುಪುವುದು ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ತುಣುಕಿನಿಂದ. ಆದ್ದರಿಂದ ಕನ್ನಡದಲ್ಲಿ, ಒಂದು ಪುಟ ಮೀರದಂತೆ, ಅಡುಗೆಯವರು ಮತ್ತು ಗೌರವಧನದ ಮೇಲೆ ದುಡಿಯುವವರನ್ನೂ ಒಳಗೊಂಡು ಎಲ್ಲರಿಗೂ ಒಂದೇ ದಿನ ತಿಳಿಸಬೇಕು. ಆರೋಪವೇನು, ಅದರಲ್ಲಿ ನಿಜವೆಂದು ಈಗಾಗಲೇ ಗೊತ್ತಿರುವುದೆಷ್ಟು, ವಿಚಾರಣೆ ಆಗಬೇಕಿರುವುದೇನು, ಮುಂದಿನ ಮಾಹಿತಿಯನ್ನು ಯಾವ ದಿನ ಕೊಡುತ್ತೀರಿ ಎಂಬ ನಾಲ್ಕು ಸಂಗತಿ ಅದರಲ್ಲಿದ್ದರೆ ಸಾಕು. ಹೊಸದೇನೂ ಇಲ್ಲದಿದ್ದರೂ ಹೇಳಿದ ದಿನ ಮತ್ತೆ ಬರೆಯಬೇಕು.

ಧೈರ್ಯ ತುಂಬುವ ಆತುರದಲ್ಲಿ 'ಎಲ್ಲವೂ ಸುಳ್ಳು, ಯಾರೂ ಚಿಂತಿಸಬೇಡಿ' ಎಂದು ಬರೆಯುವುದು ದೊಡ್ಡ ಅನ್ಯಾಯ. ಕಾರ್ಯಕರ್ತೆ ಆ ಮಾತನ್ನು ನಂಬಿ ಊರಿನಲ್ಲಿ ಹತ್ತು ಜನರ ಮುಂದೆ ಹೇಳಿರುತ್ತಾಳೆ. ಆರೋಪದ ಅರ್ಧಭಾಗ ನಿಜವೆಂದು ನಂತರ ಸಾಬೀತಾದರೆ ಹೋಗುವುದು ಅವಳ ಮಾತಿನ ಬೆಲೆ. ಅವಳು ಅಲ್ಲಿಯೇ ಬಾಳಬೇಕಾದವಳು ಎಂಬುದನ್ನು ನಗರದ ಕಚೇರಿಯಲ್ಲಿ ಕುಳಿತು ಹೇಳಿಕೆ ಬರೆಯುವವರು ಮರೆಯಬಾರದು.

ಪತ್ರಕರ್ತರೊಡನೆ ಮಾತನಾಡಲು ಒಬ್ಬರನ್ನು ನೇಮಿಸಿ, ಅವರ ಫೋನ್ ಸಂಖ್ಯೆಯನ್ನು ಎಲ್ಲರಿಗೂ ಕೊಡಿ. ಉಳಿದವರಿಗೆ ಹೇಳಿಕೊಳ್ಳಲು ಎರಡು ಸರಳ ವಾಕ್ಯಗಳಿರಲಿ: ವಿಚಾರಣೆ ನಡೆಯುತ್ತಿದೆ, ನನಗೆ ತಿಳಿದಿರುವುದು ಇಷ್ಟು. ಆದರೆ ಮನೆಯವರೊಡನೆ, ಗೆಳೆಯರೊಡನೆ ಮಾತನಾಡಬಾರದೆಂದು ಕಟ್ಟುಪಾಡು ಹಾಕಬಾರದು. ಸಂಸ್ಥೆಯ ಪರವಾಗಿ ಸ್ವಂತ ಫೇಸ್‌ಬುಕ್ ಖಾತೆಯಲ್ಲಿ ಬರೆಯಿರೆಂದು ಒತ್ತಾಯಿಸಲೂಬಾರದು.

ಟೀಕೆ ಸಂಬಳದ ಕುರಿತಾಗಿದ್ದರೆ ಲೆಕ್ಕವನ್ನೇ ಸಿಬ್ಬಂದಿಯ ಕೈಗೆ ಕೊಡುವುದು ಒಳ್ಳೆಯದು. 'ದಾನದ ಹಣವನ್ನು ಸಂಬಳಕ್ಕೆ ತಿನ್ನುತ್ತಾರೆ' ಎಂಬ ಮಾತು ಕೇಳಿದಾಗ ಉತ್ತರ ತಿಳಿಯದೆ ತಲೆತಗ್ಗಿಸುವ ನೌಕರರಿದ್ದಾರೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲಿನ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಅದೇ ಕಾಯ್ದೆಯ ನಿಯಮಗಳ ಪ್ರಕಾರ ಸಂಸ್ಥೆ ನಡೆಸುವ ಆಸ್ಪತ್ರೆಯ ವೈದ್ಯರ ಸಂಬಳ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ, ಏಕೆಂದರೆ ಅಲ್ಲಿ ಸಂಬಳವೇ ಸೇವೆ. ಇಷ್ಟು ತಿಳಿದ ಶಿಕ್ಷಕಿ ತನ್ನ ದುಡಿಮೆಯ ಬಗ್ಗೆ ನಾಚಬೇಕಿಲ್ಲ. ನಿರ್ದೇಶಕರ ಸಂಬಳದ ಬಗ್ಗೆ ಪ್ರಶ್ನೆ ಬಂದರೆ ಅದಕ್ಕೂ ಅಂಕಿ ಸಹಿತವೇ ಉತ್ತರಿಸಬೇಕು.

ಎಲ್ಲಕ್ಕಿಂತ ಕಠಿಣವಾದ ಸನ್ನಿವೇಶವೆಂದರೆ ಟೀಕಾಕಾರರು ಹೇಳುವುದು ಸರಿಯೆಂದು ಸಿಬ್ಬಂದಿಗೇ ಅನ್ನಿಸುವುದು. ಅಂಥವರು ಸಭೆಯಲ್ಲಿ ಮೌನವಾಗಿರುತ್ತಾರೆ. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು, ಅವರ ಪ್ರಶ್ನೆಯನ್ನು ದ್ರೋಹವೆಂದೂ ಎಣಿಸಬಾರದು. ಸುದ್ದಿ ಸೋರಿದ್ದು ಯಾರಿಂದ ಎಂದು ಹುಡುಕಲು ಹೊರಟ ಸಂಸ್ಥೆಯಲ್ಲಿ ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ಅನುಮಾನಿಸತೊಡಗುತ್ತಾರೆ, ಮತ್ತು ಆ ಒಡಕು ಟೀಕೆ ತಣ್ಣಗಾದ ಮೇಲೂ ಉಳಿಯುತ್ತದೆ. ಮುಖ್ಯಸ್ಥರು ತಾವೇ ಬಲಿಪಶುಗಳೆಂಬಂತೆ ಮಾತನಾಡುವುದೂ ಅಷ್ಟೇ ಕೆಟ್ಟದ್ದು: ಟೀಕೆ ತಪ್ಪಿನ ಪ್ರಮಾಣವನ್ನು ಮೀರಿದೆಯೆಂದು ಪತ್ರಿಕೆಯೊಂದಕ್ಕೆ ಹೇಳಿದ ಗೋಲ್ಡ್ರಿಂಗ್ ನಂತರ ಅದಕ್ಕಾಗಿ ಕ್ಷಮೆ ಕೇಳಬೇಕಾಯಿತು. ಆರೋಪ ಲೈಂಗಿಕ ಕಿರುಕುಳದ್ದಾದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ದೂರುದಾರರ ಗುರುತನ್ನು ಬಹಿರಂಗಪಡಿಸುವಂತಿಲ್ಲ. ಸಿಬ್ಬಂದಿ ಸಭೆಯಲ್ಲಿ ಸುಳಿವು ಕೊಡುವಂತೆ ಮಾತನಾಡುವುದನ್ನೂ ತಡೆಯಬೇಕು.

ಟೀಕೆ ಬೀದಿಗೆ ಇಳಿದಾಗ ಮೊದಲು ಸುರಕ್ಷತೆ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರ ಸಂಬಂಧ ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿ ಇಂಡಿಯಾ ವಿರುದ್ಧ ದೇಶದ್ರೋಹದ ಪ್ರಕರಣ ದಾಖಲಾಗಿ ಪ್ರತಿಭಟನೆಗಳು ನಡೆದಾಗ, ಸಂಸ್ಥೆ ಕಚೇರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಸಿಬ್ಬಂದಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿತು. ಸಂಸ್ಥೆಯ ರಾಜಕೀಯ ನಿಲುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ನಿರ್ಧಾರ ಸರಿಯಾದದ್ದು. ಸಣ್ಣ ಸಂಸ್ಥೆಗಳೂ ಜಾಲತಾಣದಿಂದ ಸಿಬ್ಬಂದಿಯ ಸ್ವಂತ ಮೊಬೈಲ್ ಸಂಖ್ಯೆಗಳನ್ನು ತೆಗೆಯಬಹುದು, ಕೆಲವು ದಿನ ಕ್ಷೇತ್ರಕ್ಕೆ ಒಬ್ಬೊಬ್ಬರನ್ನೇ ಕಳಿಸದಿರಬಹುದು. ಬೆದರಿಕೆ ಬಂದರೆ ಪೊಲೀಸ್ ದೂರನ್ನು ಸಂಸ್ಥೆಯೇ ಮುಂದೆ ನಿಂತು ಕೊಡಿಸಬೇಕು. ಠಾಣೆಗೆ ನೌಕರರನ್ನು ಒಂಟಿಯಾಗಿ ಕಳಿಸಬಾರದು.

ನಿದ್ದೆ ಕೆಡುವುದು, ಪದೇ ಪದೇ ಫೋನ್ ತೆರೆದು ಬೈಗುಳ ಓದುವುದು, ಸಭೆಗಳಿಗೆ ತಪ್ಪಿಸಿಕೊಳ್ಳುವುದು ಕಂಡರೆ ಅದನ್ನು ದೌರ್ಬಲ್ಯವೆಂದು ಕಾಣಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉಚಿತ ಆಪ್ತ ಸಮಾಲೋಚನೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರ. ಯಾರು ಕರೆ ಮಾಡಿದರೆಂದು ಸಂಸ್ಥೆ ಕೇಳಬಾರದು.

ದೇಣಿಗೆ ನಿಂತಿದ್ದರೆ ಎಷ್ಟು ತಿಂಗಳ ಸಂಬಳಕ್ಕೆ ಹಣವಿದೆಯೆಂಬುದನ್ನು ಮುಚ್ಚಿಡಬೇಡಿ. ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ ನೋಡಿಕೊಳ್ಳಬೇಕಾದವರಿಗೆ ಬೇರೆ ಕೆಲಸ ಹುಡುಕುವಷ್ಟು ಸಮಯ ಸಿಗಬೇಕು. ಬಿಟ್ಟು ಹೋಗುವವರಿಗೆ ಕೊಡುವ ಅನುಭವ ಪತ್ರದಲ್ಲಿ ಅವರು ಯಾವ ಯೋಜನೆಯಲ್ಲಿ, ಯಾವ ಊರುಗಳಲ್ಲಿ, ಏನು ಕೆಲಸ ಮಾಡಿದರೆಂಬುದನ್ನು ಬಿಡಿಸಿ ಬರೆಯಿರಿ. ವಿವಾದದೊಡನೆ ಅವರಿಗೆ ಸಂಬಂಧವಿಲ್ಲದಿದ್ದರೆ, ಅವರ ಒಪ್ಪಿಗೆ ಪಡೆದು ಆ ಮಾತನ್ನೂ ಸೇರಿಸಿ, ಮುಂದಿನ ಸಂದರ್ಶನದಲ್ಲಿ ಆ ಪ್ರಶ್ನೆ ಬಂದಾಗ ತೋರಿಸಲು ನಿಮ್ಮ ಸಹಿ ಅವರ ಕೈಯಲ್ಲಿರುವಂತೆ ಮಾಡಿ.