‘ಐಲ್ಯಾಂಡ್’ ಪದದ ಬೇರು ಕೊನೆಗೂ ನೀರಲ್ಲೇ ಸಿಕ್ಕಿತು

ಹೋದ ತಿಂಗಳು ಪದಮೂಲ ಹುಡುಕುವ ಗೆಳೆಯರ ಮುಂದೆ ಪದಗಳನ್ನು ಬರೆದಿಟ್ಟ ನನ್ನ ಕಾರ್ಡುಗಳನ್ನು ಹರಡಿದಾಗ ಯಾರೂ ಎದುರಾಡಲಿಲ್ಲ. ಎರಡು ವರ್ಷದಿಂದ ಅವರದ್ದು ಒಂದೇ ಮಾತು: “ಐಲ್ ಪ್ಲಸ್ ಲ್ಯಾಂಡ್. ಸ್ಪೆಲ್ಲಿಂಗೇ ಹೇಳುತ್ತಲ್ಲ ಸಾರ್!”

‘island’ ಸ್ಪೆಲ್ಲಿಂಗಿನ ಆ ‘ಎಸ್’ ಅಕ್ಷರ ನಂಬಿ ನಾನೂ ಸುಮಾರು ಆರು ತಿಂಗಳು ಕಳೆದೆ. ದ್ವೀಪಕ್ಕೇ ಇರುವ ಇನ್ನೊಂದು ಇಂಗ್ಲಿಷ್ ಪದ ‘ಐಲ್’ (isle) ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಫ್ರೆಂಚ್ ದಾಟಿ ಬಂದದ್ದು, ನಿಜ. ‘ಐಲ್ಯಾಂಡ್’ ಅದರ ನೆಂಟನೇ ಅಲ್ಲ. ಹಳೆ ಇಂಗ್ಲಿಷಿನಲ್ಲಿ ಅದು ‘ಈಯ್‌ಲಾಂಡ್’. 16ನೇ ಶತಮಾನದಲ್ಲಿ ‘ಐಲ್’ ನೋಡಿ ‘ಎಸ್’ ಸೇರಿಸಿದರು. ಬಾಯಲ್ಲಿ ಅದು ಬರಲೇ ಇಲ್ಲ, ಅಲ್ವಾ?

ಜರ್ಮನಿಯ ಬ್ರೆಮೆನ್‌ನಲ್ಲಿ 80 ಯೂರೋ ಹತ್ತಿರ ಕೊಟ್ಟು ತಂದ ಹಳೆ ಜರ್ಮನ್ ನಿಘಂಟಿನಿಂದ ಗೊಂದಲ ಇನ್ನೂ ಜಾಸ್ತಿಯಾಯ್ತು. ಸ್ಪೆಲ್ಲಿಂಗ್ ಅದೇ ‘Island’ ಆದರೂ ಜರ್ಮನ್ನರ ‘ಈಸ್ಲಾಂಟ್’ ಅಂದರೆ ಐಸ್‌ಲ್ಯಾಂಡ್ ದೇಶ, ಮಂಜುಗಡ್ಡೆಯ ನಾಡು. ಆ ಕಾರ್ಡುಗಳನ್ನೆಲ್ಲ ಹರಿದೆ. ಬೇಕಾಗಿದ್ದದ್ದು ದ್ವೀಪ ಎನ್ನುವ ‘ಐಲಾಂಟ್’ (Eiland).

ಆಮೇಲೆ ನಿಘಂಟು ಮುಚ್ಚಿ ಮ್ಯಾಪ್ ಬಿಚ್ಚಿದೆ. ಹೆಸರುಗಳ ಬಾಲ ಹಿಡಿದೆ. ಸ್ಕಾಟ್ಲೆಂಡಿನ ಆರ್ಕ್ನಿಯ ‘ಇ’, ಜರ್ಮನ್ ಕರಾವಳಿಯ ಲಾಂಗೆಓಗ್‌ನ ‘ಓಗ್’, ಸ್ವೀಡನ್ನಿನ ಓಲಂಡ್‌ನ ‘ಓ’, ಲಂಡನ್ನಿನ ಬ್ಯಾಟರ್‌ಸೀಯ ‘ಈ’. ಎಲ್ಲದರ ಅರ್ಥವೂ ದ್ವೀಪವೇ. ಪಕ್ಕದ ಚೆಲ್ಸೀಯನ್ನೂ ಸೇರಿಸಿ ಏಟು ತಿಂದೆ. ಅದು ಸುಣ್ಣಕಲ್ಲು ಇಳಿಸುವ ಕಟ್ಟೆಯ ಹೆಸರು. ಅಂದಿನಿಂದ ಹಳೆ ರೂಪ ಸಿಗದೆ ಯಾವ ಹೆಸರನ್ನೂ ಮುಟ್ಟಲ್ಲ. ಹಳೆ ರೂಪ ಬೇಗ ಹುಡುಕುವ ದಾರಿ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಬಾಲಗಳೂ ‘ಈಯ್‌ಲಾಂಡ್’ನ ‘ಈಯ್’ ಕೂಡ ಸೇರುವುದು ಇಂಗ್ಲಿಷ್, ಜರ್ಮನ್, ಸ್ವೀಡಿಷ್‌ಗಳ ತಾಯಿಭಾಷೆಯಾದ ಮೂಲ ಜರ್ಮಾನಿಕ್‌ನ ‘ಅವ್ಯೋ’ದಲ್ಲಿ. ಅದು ಹುಟ್ಟಿದ್ದು ‘ಅಹ್ವೋ’, ಅಂದರೆ ನೀರು, ಎಂಬುದರಿಂದ. ಅದೇ ಕುಟುಂಬದ ಹಳೆ ಭಾಷೆ ಗಾಥಿಕ್‌ನ ‘ಅಹ್ವ’ (ನದಿ), ಲ್ಯಾಟಿನ್ನಿನ ‘ಆಕ್ವಾ’ (ನೀರು) ಪಕ್ಕದಲ್ಲಿಡಿ, ನಂಟು ನಿಮಗೇ ಕಾಣುತ್ತೆ. ದ್ವೀಪ ಅಂದರೆ ‘ನೀರಿನದು’, ಅಷ್ಟೇ.

ಒಂದು ಮಾತ್ರ ಕೂತಿರಲಿಲ್ಲ. ಅದೇ ಬೇರಿನ ಜರ್ಮನ್ ‘ಔವೆ’ಗೆ ಹೊಳೆದಂಡೆಯ ಹುಲ್ಲುಗಾವಲು ಎಂಬ ಅರ್ಥ ಯಾಕೆ? ರೈಲು, ದೋಣಿಗೆಂದು ಸುಮಾರು 60 ಯೂರೋ ಖರ್ಚು ಮಾಡಿ ಲಾಂಗೆಓಗ್‌ಗೇ ಹೋದೆ. ಇಳಿತದ ಹೊತ್ತು. ಸಮುದ್ರ ಹಿಂದೆ ಸರಿದು ಕೆಸರು ಬಯಲಾಗಿತ್ತು, ಅಂಚಿನಲ್ಲಿ ಹುಲ್ಲು. ನೆಲ ಎಲ್ಲಿ ಮುಗಿದು ನೀರು ಎಲ್ಲಿ ಶುರು ಅಂತ ಹೇಳೋಕೆ ಆಗಲಿಲ್ಲ. ಎರಡು ಅರ್ಥವೂ ಒಂದೇ ಜಾಗದಲ್ಲಿದ್ದವು.

ಸುಮ್ನೆ ನಮ್ಮ ಕಡೆಯದ್ದೂ ನೋಡಿದೆ. ಸಂಸ್ಕೃತದ ‘ದ್ವೀಪ’ದೊಳಗೂ ‘ಅಪ್’ ಎಂಬ ನೀರಿದೆ: ಎರಡೂ ಕಡೆ ನೀರಿರುವುದು. ‘ನಡುಗಡ್ಡೆ’ಯಲ್ಲಿ ನೀರಿನ ಹೆಸರೇ ಇಲ್ಲ. ಈಗ ಉಪ್ಪಿನಕುದ್ರು, ಕನ್ನಡಕುದ್ರು ಅಂತ ‘ಕುದ್ರು’ (ನದಿ ನಡುವಿನ ದ್ವೀಪ) ಬಾಲದ ಕಾರ್ಡು ಶುರು ಮಾಡಿದ್ದೇನೆ. ಹತ್ತಿಪ್ಪತ್ತು ಆಗಿವೆ.