ನೋವಿನ ವಿಷಯಕ್ಕೆ ಹಾಡಿನ ಕಡೆಯಿಂದ ಹೋಗುತ್ತೇನೆ

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಕಂಟ್ರಿ ಎಂಬ ಅಲ್ಲಿನ ಜನಪ್ರಿಯ ಸಂಗೀತದ ಹಾಡುಗಾರರ ಸಂದರ್ಶನ ಮಾಡುವುದು ನನ್ನ ಕೆಲಸ. ಕುಡಿತ, ವಿಚ್ಛೇದನ, ಮನೆಯವರ ಸಾವು, ಖಿನ್ನತೆ ಎಲ್ಲವೂ ಈ ಸಂಗೀತದಲ್ಲಿ ಹಾಡಾಗಿಯೇ ಬರುತ್ತವೆ. ಹಾಗಾಗಿ "ಇದು ನಿಮ್ಮದೇ ಕಥೆ ಅಲ್ವಾ?" ಎಂದು ಕೇಳುವ ಆಸೆ ಯಾರಿಗಾದರೂ ಆಗುತ್ತದೆ. ನಾನು ಆ ಪ್ರಶ್ನೆ ಕೇಳುವುದಿಲ್ಲ.

ಇಲ್ಲಿ ಮ್ಯೂಸಿಕ್ ರೋ ಎಂಬ ಕಡೆ ಹಾಡು ಬರೆಯುವುದು ದಿನದ ಕೆಲಸ. ಇಬ್ಬರೋ ಮೂವರೋ ಬೆಳಿಗ್ಗೆ ಗಿಟಾರ್ ಹಿಡಿದು ಒಂದು ಕೋಣೆಯಲ್ಲಿ ಕೂರುತ್ತಾರೆ. ಅವರು ಬರೆದಿದ್ದನ್ನು ಎಷ್ಟೋ ಸಲ ಹಾಡುವವರು ಬೇರೆ. ಗಂಡ ಹೆಂಡತಿಯಾಗಿದ್ದ ಹಾಡುಗಾರರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ 1975ರಲ್ಲಿ ಬೇರೆಯಾದರು. 1980ರಲ್ಲಿ ಜೋನ್ಸ್ ಹಾಡಿದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಕೇಳಿದರೆ ಅದು ಅವರದೇ ಸಂಕಟ ಅನ್ನಿಸುತ್ತದೆ. ಆದರೆ ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪುಟ್ಮನ್. ಹಾಡಿನ 'ನಾನು' ಯಾರು ಅನ್ನೋದನ್ನು ಹಾಡುಗಾರರೇ ಹೇಳಬೇಕು.

ಅದಕ್ಕೇ ಕೆಲಸದಿಂದ ಶುರು ಮಾಡುತ್ತೇನೆ. ಮೊದಲು ಹೊಳೆದ ಸಾಲು ಯಾವುದು? ಆಗ ಜೊತೆಗೆ ಯಾರಿದ್ದರು? ಯಾವ ಸಾಲು ಕೈಬಿಟ್ಟಿರಿ? ಹಿರಿಯ ಹಾಡುಗಾರರೊಬ್ಬರು ಅಪ್ಪನ ಕುಡಿತದ ಬಗ್ಗೆ ಹಾಡು ಬರೆದಿದ್ದರು. ಬಿಟ್ಟ ಸಾಲು ಕೇಳಿದಾಗ ಗಿಟಾರ್ ಎತ್ತಿಕೊಂಡರು. ಒಂದು ತಂತಿಯನ್ನು ಸುಮ್ನೆ ಬಿಗಿ ಮಾಡುತ್ತಾ, ಸಡಿಲ ಮಾಡುತ್ತಾ ಕೂತರು. ಆಮೇಲೆ ಅಪ್ಪನ ಟ್ರಕ್ ರಾತ್ರಿ ಅಂಗಳಕ್ಕೆ ಬರುವ ಸದ್ದಿನ ಬಗ್ಗೆ ತಾವಾಗಿಯೇ ಹೇಳತೊಡಗಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ತಂಗಿಯ ಹೆಸರು ಬಂದ ಕೂಡಲೇ "ಅವಳದ್ದು ಬೇಡ" ಅಂದರು. ಅಲ್ಲಿಗೆ ಬಿಟ್ಟೆ. ಆ ತಂಗಿ ನನ್ನ ಎದುರು ಕೂತಿಲ್ಲ, ಅವರ ಒಪ್ಪಿಗೆ ನನ್ನ ಹತ್ತಿರ ಇಲ್ಲ.

ಹಾಡುಗಾರರ ಪ್ರಚಾರ ನೋಡಿಕೊಳ್ಳುವ ಪಬ್ಲಿಸಿಸ್ಟ್‌ಗಳು 'ಇದನ್ನು ಕೇಳಬೇಡಿ' ಎಂದು ಮೊದಲೇ ಪಟ್ಟಿ ಕಳಿಸುತ್ತಾರೆ. ಕೆಲವು ಪತ್ರಕರ್ತರಿಗೆ ಇದರಿಂದ ಸಿಟ್ಟು ಬರುತ್ತದೆ. ನನಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೂ ರೆಕಾರ್ಡರ್ ಆನ್ ಮಾಡುವ ಮುಂಚೆ "ಇವತ್ತು ಯಾವುದು ಬೇಡ?" ಎಂದು ಹಾಡುಗಾರರನ್ನೇ ಕೇಳುತ್ತೇನೆ. ಪಟ್ಟಿಯಲ್ಲಿ ಬೇಡ ಎಂದಿದ್ದರ ಬಗ್ಗೆಯೇ ಮಾತಾಡಬೇಕು ಅನ್ನುವವರೂ ಸಿಗುತ್ತಾರೆ. ಏನು ಪ್ರಸಾರಕ್ಕೆ, ಏನು ನಮ್ಮಿಬ್ಬರ ನಡುವೆ ಎಂಬುದೂ ಆಗಲೇ ಇತ್ಯರ್ಥವಾಗಬೇಕು. ಅತ್ತ ಮೇಲೆ ಕೇಳುವ ಮಾತಲ್ಲ ಅದು.

ಅಮೆರಿಕದ ದಕ್ಷಿಣ ಭಾಗದ ಹಿರಿಯರಿಗೆ ಮರ್ಯಾದೆ ಮುಖ್ಯ. ಹೆಸರಿನ ಮುಂದೆ 'ಮಿಸ್' ಸೇರಿಸುವುದು, 'ಯೆಸ್ ಮ್ಯಾಮ್' ಅನ್ನುವುದು ಇಲ್ಲಿ ಮಾಮೂಲು. ದೊಡ್ಡವರನ್ನು ಬಹುವಚನದಲ್ಲಿ ಮಾತಾಡಿಸಿ ಬೆಳೆದ ನನಗೆ ಇದು ಸಲೀಸಾಗಿ ಬಂತು.

ಎರಡು ವಿಷಯದಲ್ಲಿ ನನ್ನದು ಗಟ್ಟಿ ನಿಲುವು. ಒಂದು, ಯಾರೂ ತಾವಾಗಿ ಹೇಳದಿದ್ದರೆ ಅವರ ಲೈಂಗಿಕತೆ ಬಗ್ಗೆ ಕೇಳುವುದಿಲ್ಲ, ಎಷ್ಟೇ ಗಾಳಿಮಾತು ಇದ್ದರೂ. ಹಾಡುಗಾರರಾದ ಶೆಲಿ ರೈಟ್ 2010ರಲ್ಲಿ, ಟಿ.ಜೆ. ಆಸ್ಬೋರ್ನ್ 2021ರಲ್ಲಿ ತಾವು ಸಲಿಂಗಿ ಎಂದು ತಾವೇ ಹೇಳಿಕೊಂಡರು. ಕಂಟ್ರಿ ರೇಡಿಯೊ ಲೋಕದಲ್ಲಿ ಆ ಮಾತಿಗೆ ಬೆಲೆ ತೆರಬೇಕಾಗಬಹುದು. ತೆರುವವರು ಅವರು, ನಾನಲ್ಲ.

ಇನ್ನೊಂದು ಆತ್ಮಹತ್ಯೆ. ಹಾಡುಗಾರ್ತಿ ನವೋಮಿ ಜಡ್ 2022ರ ಏಪ್ರಿಲ್ 30ರಂದು ಹಾಗೆ ತೀರಿಕೊಂಡರು. ಮಾರನೇ ದಿನ ಮಗಳು ವೈನೋನಾ ಜೊತೆ ಅವರನ್ನು ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಗೆ ಸೇರಿಸುವುದಿತ್ತು. ತನಿಖೆಯ ದಾಖಲೆ ಬಹಿರಂಗವಾಗದಂತೆ ತಡೆಯಲು ಮನೆಯವರು ಕೋರ್ಟಿಗೆ ಹೋಗಬೇಕಾಯಿತು. ದುಃಖದಲ್ಲಿರುವವರಿಗೆ ಅದೊಂದು ಹೋರಾಟ ಬೇರೆ! ಅಂಥ ಸಾವಿನ ಮಾತು ಬಂದರೆ 'ಹೇಗೆ' ಅನ್ನುವುದನ್ನು ಕೇಳುವುದಿಲ್ಲ. ಅವರಾಗಿ ಹೇಳಿದರೂ ಪ್ರಸಾರ ಮಾಡುವುದಿಲ್ಲ. ಕೊನೆಯಲ್ಲಿ, ಆತ್ಮಹತ್ಯೆ ತಡೆಗೆಂದು ಅಮೆರಿಕದಲ್ಲಿರುವ 988 ಸಹಾಯವಾಣಿ ಸಂಖ್ಯೆ ಹೇಳುತ್ತೇನೆ.

ಮಾತು ಭಾರವಾಗಿದ್ದರೆ ಮಾರನೇ ದಿನ ಫೋನ್ ಮಾಡಿ, ಆ ಭಾಗವನ್ನಷ್ಟೇ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದುತ್ತೇನೆ. ಬೇರೆಯವರ ಮಾನದ ಪ್ರಶ್ನೆ ಅಂದರೆ ತೆಗೆಯುತ್ತೇನೆ. ಹೊಸ ಆಲ್ಬಮ್ ಬಗ್ಗೆ ಇನ್ನೆರಡು ಒಳ್ಳೆ ಮಾತು ಸೇರಿಸಿ ಅಂದರೆ ಮಾತ್ರ ಒಪ್ಪುವುದಿಲ್ಲ.